ಕಲ್ಲಮರಿಗೆಗೆ ಬೇವು ಬಂದದ್ದು ಯಾವಾಗ

ಬೀಜದಿಂದ ಬೋನ್ಸಾಯ್ ಬೆಳೆಸುವುದನ್ನು ಯಾವಾಗ ಶುರು ಮಾಡಬೇಕು ಎಂದು ಕೇಳುವವರಿಗೆ ನನ್ನಲ್ಲಿ ಸಿದ್ಧ ಉತ್ತರವೊಂದಿದೆ. ನಮ್ಮ ಚಿತ್ರದುರ್ಗದ ಕಡೆ ಅರಳಿ, ಆಲ, ಅತ್ತಿಯ ಬೀಜವನ್ನು ಮೊದಲ ಮಳೆ ಬಿದ್ದು ನೆಲದ ಕಾವು ಇಳಿದ ಮೇಲೆ ಹಾಕಬೇಕು. ಹುಣಸೆ ಬೀಜವನ್ನು ನೀರಿನಲ್ಲಿ ನೆನೆಸಿ ಅದಕ್ಕೂ ಸ್ವಲ್ಪ ಮುಂಚೆಯೇ ಹಾಕಬಹುದು. ಬೇವಿನ ಬೀಜವನ್ನು ಮಾತ್ರ ಹಣ್ಣು ಉದುರಿದ ಕಾಲದಲ್ಲೇ ಹಾಕಿಬಿಡಬೇಕು, ಡಬ್ಬಿಯಲ್ಲಿ ಇಟ್ಟರೆ ಅದು ಬೇಗ ಸತ್ತುಹೋಗುತ್ತದೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿ ನಿವೃತ್ತನಾದ ಮೇಲೂ ಇದನ್ನೇ ಹೇಳುತ್ತಾ ಬಂದಿದ್ದೇನೆ. ಕೇಳುವವರಿಗೆ ಪುರುಸೊತ್ತಿದ್ದರೆ ನನ್ನ ಕಥೆಯನ್ನೂ ಸೇರಿಸುತ್ತಿದ್ದೆ. ನಾನು ಕಾಲವಲ್ಲದ ಕಾಲದಲ್ಲಿ ಶುರು ಮಾಡಿದವನು, ಯುಗಾದಿಯ ಚಂದ್ರನನ್ನು ನೋಡಲು ಮನೆಯವರೆಲ್ಲ ಮಾಳಿಗೆ ಹತ್ತಿದ್ದ ಸಂಜೆ ಅರಳಿ, ಬೇವು ಎರಡನ್ನೂ ಒಂದೇ ಕಲ್ಲಿನ ಮರಿಗೆಯಲ್ಲಿ ಹಾಕಿದೆ, ಆ ಎಡವಟ್ಟಿನಿಂದ ಜೀವಮಾನವೆಲ್ಲ ಈ ಜಿಲ್ಲೆಯಲ್ಲೇ ಸಿಕ್ಕಿಕೊಂಡೆ ಎಂದು.

ಈ ವರ್ಷ ಯುಗಾದಿಯ ಬೆಳಿಗ್ಗೆ ಹೆಂಡತಿ ನನ್ನ ಅಂಗೈಗೆ ಬೇವುಬೆಲ್ಲ ಹಾಕಿದಳು. ಬೆಲ್ಲದ ಪುಡಿಗೆ ಬೇವಿನ ಹೂವು ಅಂಟಿಕೊಂಡಿತ್ತು. ಬಾಯಿಗೆ ಹಾಕಿಕೊಳ್ಳದೆ ಅದನ್ನೇ ನೋಡುತ್ತಾ ನಿಂತೆ. ಯುಗಾದಿಗೆ ಬೇವು ಹೂವಿನಲ್ಲಿರುತ್ತದೆ. ಹಣ್ಣಾಗಲು ಮುಂಗಾರು ಬರಬೇಕು. ಹಿಂದಿನ ವರ್ಷದ ಬೀಜವನ್ನು ಎತ್ತಿಟ್ಟಿದ್ದೆ ಎಂದುಕೊಂಡರೂ ಅದು ಮೊಳೆಯುವುದಿಲ್ಲ. ಈ ಮಾತನ್ನು ನಾನೇ ಎಷ್ಟು ತರಗತಿಗಳಿಗೆ ಹೇಳಿಲ್ಲ! ಹಾಗಾದರೆ ಆ ಸಂಜೆ ನಾನು ಬೇವು ಹಾಕಿರಲು ಸಾಧ್ಯವೇ ಇಲ್ಲ.

"ಏನು, ಹುಳ ಐತಾ?" ಎಂದಳು ಹೆಂಡತಿ.

"ಇಲ್ಲ," ಎಂದು ಬಾಯಿಗೆ ಹಾಕಿಕೊಂಡೆ. ಕಹಿ ಎಂದಿನಷ್ಟೇ ಇತ್ತು.

ಸ್ವಾತಂತ್ರ್ಯ ಬಂದಾಗ ನಾನು ಎಳೆಯ ಮಗು. ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿ ಹೊಳಲ್ಕೆರೆಯ ಮನೆಗೆ ವಾಪಸಾದದ್ದು ಅರವತ್ತರ ದಶಕದ ಕೊನೆಯಲ್ಲಿ. ಅಪ್ಪ ತೀರಿಕೊಂಡು ಬಹಳ ಕಾಲವಾಗಿತ್ತು. ಅಣ್ಣನಿಗೆ ಪೇಟೆಯಲ್ಲಿ ಕಂಬಳಿ ಅಂಗಡಿ. ಮನೆಯಲ್ಲಿ ಅಮ್ಮ, ಅಣ್ಣ, ಅತ್ತಿಗೆ, ನಾನು. ಉತ್ತರದ ಒಂದು ವಿಶ್ವವಿದ್ಯಾಲಯಕ್ಕೆ ಸಂಶೋಧನೆಗೆಂದು ಅರ್ಜಿ ಹಾಕಿ ಕರೆ ಬರುವುದನ್ನು ಕಾಯುತ್ತಿದ್ದೆ. ಕಾಯುವುದೆಂದರೆ ಕೆಲಸವಿಲ್ಲದೆ ಇರುವುದು. ಮಣ್ಣಿನ ಮಾಳಿಗೆಯ ಮನೆ, ತಲೆಗೆ ತಾಗುವಂಥ ಜಂತೆಗಳು, ಕಂಬಳಿಗೆ ಹಾಕುವ ಹುಣಸೆಬೀಜದ ಗಂಜಿಯ ವಾಸನೆ. ಶಿವಮೊಗ್ಗದ ಕಡೆ ಹೋಗುವ ಬಸ್ಸು, ಚಿತ್ರದುರ್ಗದ ಕಡೆ ಹೋಗುವ ಬಸ್ಸು ಎರಡರ ಹಾರನ್ನೂ ಮಲಗಿದಲ್ಲಿಂದಲೇ ಗುರುತಿಸುತ್ತಿದ್ದೆ. ಓದಿಸಿದ್ದು ಮನೆಯವರು, ಕಾಯುತ್ತಿದ್ದುದೂ ಅವರ ಮನೆಯಲ್ಲೇ. ಹಾಗಾಗಿ ಯಾರ ಮೇಲೂ ರೇಗುವಂತಿರಲಿಲ್ಲ.

ಮಾಡದಕೆರೆಯಿಂದ ಸೋದರಮಾವ ಆಗಾಗ ಬರುತ್ತಿದ್ದ. ಕುರಿಗೊಬ್ಬರದ ಚೀಲವನ್ನು ಹಿತ್ತಲಲ್ಲಿ ಇಳಿಸಿ, ಕಾಲು ತೊಳೆದು ಪಡಸಾಲೆಯಲ್ಲಿ ಕೂತು, ತನ್ನ ಮಗಳ ಮಾತು ತೆಗೆಯುತ್ತಿದ್ದ. ಆ ಹುಡುಗಿಯನ್ನು ನನಗೆ ಕೊಡಬೇಕೆಂದು ಅವನಿಗೂ ಅಮ್ಮನಿಗೂ ಆಸೆ. ನಾನು ಊರು ಬಿಡುವವನು, ಒಲ್ಲೆ ಎಂದೆ. ಆಮೇಲೆ ಮಾತು ಅಣ್ಣನ ಕಡೆ ತಿರುಗಿತು. ಅಣ್ಣನಿಗೆ ಮದುವೆಯಾಗಿ ವರ್ಷಗಳಾಗಿದ್ದರೂ ಮಕ್ಕಳಿರಲಿಲ್ಲ.

"ಎರಡನೇ ಮದುವೆ ಈಗ ಕಾನೂನಿಗೆ ವಿರುದ್ಧ ಕಣಮ್ಮ," ಎಂದೆ ನಾನು.

"ಕಾನೂನು ದುರ್ಗದ ಕೋರ್ಟಾಗೈತೆ ಕಣ್ಲೇ. ನನ್ನ ಮನೇಲಿ ತೊಟ್ಲು ಐತಾ?" ಎಂದಳು ಅಮ್ಮ. "ಅವಳೇನು ಬೀದಿಗೆ ಬೀಳ್ತಾಳಾ? ಹಿರಿಯೂರಾಗೆ ತೌರುಮನೆ ಐತೆ, ಇರ್ತಾಳೆ."

ಹಿರಿಯೂರಿನಲ್ಲಿ ಅತ್ತಿಗೆಯ ಅಪ್ಪ ಅಮ್ಮ ಇಬ್ಬರೂ ಇಲ್ಲವೆಂಬುದು ಅಮ್ಮನಿಗೆ ಗೊತ್ತಿತ್ತು. ಅಲ್ಲಿದ್ದದ್ದು ಒಬ್ಬ ಅಣ್ಣ, ಅವನ ಹೆಂಡತಿ. ಆಕೆ ಹಬ್ಬಕ್ಕೆ ಬಂದ ನಾದಿನಿಯನ್ನೇ ಎರಡನೇ ದಿನ "ಯಾವಾಗ ಹೊಂಟೆ?" ಎಂದು ಕೇಳುವವಳು. ಇದೆಲ್ಲ ನಡೆಯುವಾಗ ಅತ್ತಿಗೆ ಅಡಿಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿರುತ್ತಿದ್ದರು. ಮಾತು ನಿಂತರೆ ತಟ್ಟುವ ಸದ್ದೂ ನಿಲ್ಲುತ್ತಿತ್ತು.

ಅಣ್ಣ ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಊಟ ಮಾಡಿ ಅಂಗಡಿಗೆ ಹೋಗುತ್ತಿದ್ದ.

ಬೋನ್ಸಾಯ್ ಹುಚ್ಚು ನನಗೆ ಹತ್ತಿದ್ದು ಬೆಂಗಳೂರಿನ ಒಂದು ಹೂವಿನ ಪ್ರದರ್ಶನದಲ್ಲಿ. ಮೊಣಕಾಲೆತ್ತರದ ಮರವೊಂದು ತಟ್ಟೆಯಲ್ಲಿ ನಿಂತದ್ದನ್ನು ಕಂಡು ಆಮೇಲೆ ಗ್ರಂಥಾಲಯದಲ್ಲಿ ವಿದೇಶದ ಪುಸ್ತಕ ಹುಡುಕಿ ಓದಿದ್ದೆ. ಬೀಜವನ್ನು ವಸಂತದಲ್ಲಿ ಹಾಕಬೇಕೆಂದು ಅದರಲ್ಲಿತ್ತು. ನಮಗೆ ವಸಂತವೆಂದರೆ ಯುಗಾದಿ. ಅಮ್ಮನ ಉಪ್ಪಿನಕಾಯಿಯ ಕಲ್ಲಮರಿಗೆ ತಳದಲ್ಲಿ ಸೀಳು ಬಿಟ್ಟು ಹಿತ್ತಲಿಗೆ ಬಿದ್ದಿತ್ತು. ಅಗಲವಾದ, ಆಳವಿಲ್ಲದ ಕಲ್ಲಿನ ಪಾತ್ರೆ. ನೀರು ಬಸಿಯಲು ಸೀಳೂ ಇದೆ. ಹಿತ್ತಲಲ್ಲಿಟ್ಟರೆ ಪಕ್ಕದ ಮನೆಯ ಆಡುಗಳು ಬಿಡುವುದಿಲ್ಲವೆಂದು ಅಣ್ಣನೂ ನಾನೂ ಅದನ್ನು ಮಾಳಿಗೆಗೆ ಏರಿಸಿದೆವು. ಮಾವನ ಕುರಿಗೊಬ್ಬರ, ಕೆರೆಯ ಗೋಡುಮಣ್ಣು, ಮರಳು. ಜೋಗಿಮಟ್ಟಿಯ ಕಾಡಿನಲ್ಲಿ ಆಯ್ದು ತಂದಿದ್ದ ಒಣ ಅರಳಿಹಣ್ಣನ್ನು ಉಜ್ಜಿ ಬೀಜ ಉದುರಿಸಿದೆ. ಇಷ್ಟು ನನಗೆ ನಿಚ್ಚಳವಾಗಿದೆ. ಪಡುವಣದಲ್ಲಿ ಕೂದಲೆಳೆಯಂಥ ಚಂದ್ರ, ಸುತ್ತಲ ಮಾಳಿಗೆಗಳ ಮೇಲೆ ಕೈ ಮುಗಿದು ನಿಂತ ಜನ, ಕೈಗೆ ಮಣ್ಣು ಮೆತ್ತಿಕೊಂಡ ನಾನು. ಆ ಕೈಯಲ್ಲಿ ಬೇವಿನ ಬೀಜವೂ ಇದ್ದದ್ದು ನನಗೆ ಕಾಣುತ್ತದೆ. ಈಗಲೂ ಕಾಣುತ್ತದೆ. ಕಾಣುವುದಕ್ಕೆ ಸಾಕ್ಷಿಯ ಬೆಲೆ ಎಷ್ಟು ಎಂಬುದೇ ಪ್ರಶ್ನೆ.

ಆ ಬಿಸಿಲಿಗೆ ಒಂದು ಬೀಜವೂ ಹುಟ್ಟಲಿಲ್ಲ. ಮಳೆ ಹಿಡಿದ ಮೇಲೆ ಉಳಿದ ಅರಳಿ ಬೀಜವನ್ನು ಮತ್ತೆ ಚೆಲ್ಲಿದೆ. ಆಗ ಹುಟ್ಟಿತು. ಈ ಎರಡು ಬಿತ್ತನೆಯನ್ನು ನನ್ನ ತಲೆ ಒಂದು ಮಾಡಿಕೊಂಡಿದೆ ಎಂಬುದು ಈಗ ಹೊಳೆಯುತ್ತಿದೆ. ಆಷಾಢದಲ್ಲಿ ಚಿತ್ರದುರ್ಗಕ್ಕೆ ಹೋಗಿ ಅಲ್ಲಿಯ ಕಾಲೇಜಿನಲ್ಲಿ ತಾತ್ಕಾಲಿಕ ಕೆಲಸ ಕೇಳಿಕೊಂಡು, ಗೆಳೆಯನ ಕೋಣೆಯಲ್ಲಿ ಕೆಲವು ದಿನ ಉಳಿದೆ. ನೀರು ಹಾಕಲು ಅತ್ತಿಗೆಗೆ ಹೇಳಿದ್ದೆ. ಶ್ರಾವಣದ ಹೊತ್ತಿಗೆ ಅರಳಿಯ ಪಕ್ಕದಲ್ಲಿ ಗರಗಸದ ಅಂಚಿನ ಎಲೆಗಳ ಒಂದು ಬೇವೂ ನಿಂತಿತ್ತು. ಅದನ್ನು ಕಂಡು ಆಶ್ಚರ್ಯಪಟ್ಟ ನೆನಪಿಲ್ಲ. ಬಹುಶಃ ಮನುಷ್ಯ ತನ್ನ ಕುಂಡದಲ್ಲಿ ಇರುವುದನ್ನೆಲ್ಲ ತಾನೇ ಹಾಕಿದ್ದು ಎಂದುಕೊಳ್ಳುತ್ತಾನೆ.

ದಸರಾ ಕಳೆದ ಮೇಲೆ ಮಾವ ಮಾತು ಮುಗಿಸಿಯೇ ಹೋಗುತ್ತೇನೆಂದು ಬಂದ. ಅಮ್ಮ ಮೆಣಸಿನಕಾಯಿ ಹರವಲು ಮಾಳಿಗೆ ಹತ್ತಿದವಳು ಇಳಿಯಲಿಲ್ಲ. ಕೂಗಿದಳು. ಎಲ್ಲರೂ ಹೋದೆವು. ಅಮ್ಮ ಮರಿಗೆಯ ಮುಂದೆ ಕೂತಿದ್ದಳು.

"ಯಾರ್ಲೇ ಇದನ್ನ ಮಾಡಿದ್ದು? ಅರಳಿ ಪಕ್ಕ ಬೇವು! ಇದು ಕಟ್ಟೆ ಅಲ್ವೇನೋ?"

ಊರ ಕಟ್ಟೆಯ ಮೇಲೆ ಈ ಎರಡನ್ನು ಜೊತೆಗೆ ನೆಟ್ಟು, ಬೆಳೆದ ಮೇಲೆ ಮದುವೆ ಮಾಡಿ, ಮಕ್ಕಳು ಬೇಡುವ ಹೆಂಗಸರು ಸುತ್ತು ಬರುವುದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಇಷ್ಟು ಓದಿದ ನನಗೆ ಆವರೆಗೆ ಅದು ತಲೆಗೇ ಬಂದಿರಲಿಲ್ಲ. ನನಗೆ ಅವು ಎರಡು ಬೇರೆ ಬೇರೆ ಕುಟುಂಬದ ಸಸಿಗಳು.

"ನಾನೇ ಹಾಕಿದ್ದು," ಎಂದೆ.

ಮಾವ ಬಗ್ಗಿ ನೋಡಿದ. "ಅಕ್ಕಾ, ನನ್ನ ಎಲೆಅಡಿಕೆ ತಟ್ಟೆ ಇದಕ್ಕಿಂತ ದೊಡ್ಡದೈತಲ್ಲೇ. ಇದಕ್ಕೆ ಸುತ್ತು ಬರೋಕೆ ಇರುವೆ ಕರಕೊಂಡು ಬರ್ಬೇಕು."

ಅತ್ತಿಗೆ ಏಣಿಯ ಹತ್ತಿರ ನಿಂತಿದ್ದರು. ಮುಂದೆ ಬಂದು ಮರಿಗೆಗೆ ಕೈಮುಗಿದು, ಅಮ್ಮನಿಗೆ ಹೇಳಿದರು: "ಅತ್ತೆಮ್ಮ, ನಾನು ಹರಕೆ ಹೊತ್ಕಂಡಿದೀನಿ. ಇವಕ್ಕೆ ಮದುವೆ ಮಾಡೋತನಕ ದಿನಾ ಸುತ್ತು ಬರ್ತೀನಿ."

ಅಮ್ಮ ಕಟುವಾದ ಹೆಂಗಸು, ಆದರೆ ದೇವರ ವಿಷಯದಲ್ಲಿ ಲೆಕ್ಕ ತಪ್ಪುವವಳಲ್ಲ. ಹರಕೆ ಮುಗಿಯುವ ತನಕ ಹರಕೆ ಹೊತ್ತವಳ ಗಂಡನಿಗೆ ಬೇರೆ ಮದುವೆಯ ಮಾತು ಸಲ್ಲದು ಎಂದು ಅಲ್ಲೇ ತೀರ್ಮಾನ ಕೊಟ್ಟಳು.

"ಅರಳಿಗೆ ಮದುವೆ ಯಾವಾಗಕ್ಕೆ?" ಎಂದ ಮಾವ.

"ಎಂಟು ವರ್ಷ ತುಂಬ್ಬೇಕು," ಎಂದಳು ಅಮ್ಮ.

"ಅಷ್ಟ್ರಲ್ಲಿ ನನ್ನ ಮಗಳು ಅಜ್ಜಿ ಆಗ್ತಾಳೆ! ಮಧ್ಯದಲ್ಲಿ ಗಿಡ ಒಣಗಿದ್ರೆ?"

"ಒಣಗಿದ್ರೆ ದೇವ್ರು ಒಲ್ಲೆ ಅಂದಂಗೆ. ಆಗ ನಿನ್ನ ಮಗಳ ಮಾತಾಡಾಣ." ಅಮ್ಮ ನನ್ನ ಕಡೆ ತಿರುಗಿದಳು. "ಹಾಕ್ದೋನು ನೀನೇ. ನೀನೇ ಉಳಿಸ್ಕಳಪ್ಪ."

ಹೀಗೆ ನಾನು ನಂಬದ ದೇವರಿಗೆ ಪೂಜಾರಿಯಾದೆ. ಬೊಗಸೆ ಆಳದ ಕಲ್ಲಿನಲ್ಲಿ, ಕಲ್ಲುಕೋಟೆಯ ಸೀಮೆಯ ಬಿಸಿಲಿನಲ್ಲಿ, ಅರಳಿ ಬೇವು ಎರಡನ್ನೂ ಬದುಕಿಸುವುದು ಎಷ್ಟು ಕಷ್ಟವೆಂಬುದು ಆ ಮನೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಅವು ಸತ್ತರೆ ಅತ್ತಿಗೆಯ ಟ್ರಂಕು ಹಿರಿಯೂರಿನ ಬಸ್ಸು ಹತ್ತುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಅವರು ದಿನಾ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಮಾಳಿಗೆ ಹತ್ತುತ್ತಿದ್ದರು. ಅವರು ಸುತ್ತುವಾಗ ಜಂತೆಗಳ ಸಂದಿಯಿಂದ ಅಡಿಗೆಮನೆಯೊಳಕ್ಕೆ ಮಣ್ಣು ಉದುರುತ್ತಿತ್ತು. "ಶುರು ಮಾಡಿದ್ಲು, ಸಾರು ಮುಚ್ಚು," ಎನ್ನುತ್ತಿದ್ದಳು ಅಮ್ಮ. ಮಣ್ಣು ಉದುರದ ದಿನ ತಾನೇ ಕೂಗಿ ಕೇಳುತ್ತಿದ್ದಳು, ಯಾಕೆ, ಇವತ್ತು ಹುಷಾರಿಲ್ವಾ ಎಂದು.

ಮುಂದಿನ ಬೇಸಿಗೆಯಲ್ಲಿ ಉತ್ತರದಿಂದ ಕರೆ ಬಂತು. ನನ್ನ ನೆನಪಿನಲ್ಲಿ ಆ ವಿಷಯ ಬಹಳ ಚಿಕ್ಕದು. ಕರೆ ಬಂತು, ಮಾಳಿಗೆಯ ಮೇಲೆ ಅರಳಿಯ ಎಲೆ ಅಂಚಿನಲ್ಲಿ ಸುಡುತ್ತಿತ್ತು, ಬಿಟ್ಟು ಹೋದರೆ ಉಳಿಯುವುದಿಲ್ಲ ಎನಿಸಿತು, ಹೋಗಲಿಲ್ಲ. ಆಮೇಲೊಂದು ದಿನ ಅಣ್ಣ ಅಂಗಡಿಯಿಂದ ಹಳೇ ಕಂಬಳಿಯ ತುಂಡು ತಂದು ನಾಲ್ಕು ಕೋಲಿಗೆ ಕಟ್ಟಿ ಮರಿಗೆಗೆ ನೆರಳು ಮಾಡಿದ. ಆ ಇಡೀ ಪ್ರಕರಣದಲ್ಲಿ ಅವನು ತನ್ನ ಮನಸ್ಸು ತೋರಿಸಿದ್ದು ಅಷ್ಟೇ. ನಾನು ಚಿತ್ರದುರ್ಗದ ಕಾಲೇಜಿಗೇ ಸೇರಿ ಬಸ್ಸಿನಲ್ಲಿ ಓಡಾಡತೊಡಗಿದೆ. ಕಿಟಕಿಯ ಪಕ್ಕ ಕೂತರೆ ಅದೇ ಬಂಡೆ, ಅದೇ ಜಾಲಿ. ಬಂಡೆಯ ಬಿರುಕಿನಲ್ಲಿ ಹುಟ್ಟಿ ಆಡು ಮೇಯ್ದು ಮೇಯ್ದು ಗಿಡ್ಡವಾದ ಅರಳಿಗಳನ್ನು ಎಣಿಸುವುದು, ಅಮ್ಮನ ಮೇಲೆ, ಮಾವನ ಮೇಲೆ, ಒಂದೊಂದು ದಿನ ಅತ್ತಿಗೆಯ ಮೇಲೂ ಒಳಗೊಳಗೇ ಕುದಿಯುವುದು.

ಮರುವರ್ಷ ಫಾಲ್ಗುಣದಲ್ಲಿ ಅರಳಿ ಎಲೆ ಉದುರಿಸಿತು. ಆದರೆ ಚಿಗುರು ಮೊಗ್ಗು ಊದಿಕೊಳ್ಳಲಿಲ್ಲ. ಮರಿಗೆಯೆಲ್ಲ ಬೇರು ತುಂಬಿ ಮಣ್ಣೇ ಕಾಣುತ್ತಿರಲಿಲ್ಲ. ಎತ್ತಿ, ಬೇರು ಕತ್ತರಿಸಿ, ಹೊಸ ಮಣ್ಣು ಹಾಕಬೇಕು; ಅದಕ್ಕೆ ಅದೇ ಕಾಲ. ಪೂಜೆಯ ಅರಳಿಗೆ ಕತ್ತಿ ತಾಗಿಸುತ್ತೇನೆಂದರೆ ಅಮ್ಮ ಬಿಡುತ್ತಿರಲಿಲ್ಲ. ಅಮ್ಮ ನಂಟರ ಮನೆಯ ತೊಟ್ಟಿಲ ಶಾಸ್ತ್ರಕ್ಕೆಂದು ಮಾಡದಕೆರೆಗೆ ಹೋದಾಗ ಅತ್ತಿಗೆಗೆ ವಿಷಯ ಹೇಳಿದೆ.

"ಕುಯ್ದರೆ ಬದುಕ್ತೈತಾ?"

"ಬದುಕಬಹುದು. ಕುಯ್ಯದಿದ್ದರೆ ಬದುಕಲ್ಲ."

"ನಾನು ಹಿಡ್ಕಂತೀನಿ. ಕುಯ್ಯಿ. ಕಣ್ಣು ಮುಚ್ಕಂತೀನಿ, ನೋಡದಿದ್ರೆ ನನಗೆ ಪಾಪ ಇಲ್ಲ."

"ನನಗೆ?"

"ನಿನಗೆ ಹೆಂಗೂ ದೇವ್ರೇ ಇಲ್ವಲ್ಲಪ್ಪ!"

ಎರಡು ಸಸಿಗಳನ್ನೂ ಬುಡದಲ್ಲಿ ಹಿಡಿದು, ಕಣ್ಣು ಬಿಗಿಯಾಗಿ ಮುಚ್ಚಿ ಕೂತಿದ್ದರು. ಕತ್ತರಿಯ ಸದ್ದಾದಾಗಲೆಲ್ಲ ಅವರ ರೆಪ್ಪೆ ಅದುರುತ್ತಿತ್ತು. ಮಾವ ಅದೇ ವಾರ ಅಮ್ಮನನ್ನು ಕರೆದುಕೊಂಡು ಬಂದವನು ನೇರ ಮಾಳಿಗೆ ಹತ್ತಿದ. ಎಲೆಯಿಲ್ಲದ ಕಡ್ಡಿ ನೋಡಿ, "ಅಕ್ಕಾ, ಒಣಗೈತೆ ಬಾ!" ಎಂದು ಕೂಗಿದ. ಅತ್ತಿಗೆ ಹತ್ತಿಹೋಗಿ ಕಡ್ಡಿಯ ತುದಿಯಲ್ಲಿ ಜೋಳದ ಕಾಳಿನಷ್ಟು ಕೆಂಪು ಚಿಗುರನ್ನು ತೋರಿಸಿದರು. ಬೇಕಾದರೆ ಉಗುರಿನಿಂದ ಗೀರಿ ನೋಡಿ, ಹಸಿರಿದೆ ಎಂದೆ ನಾನು. ಅಮ್ಮ ಅವನ ಕೈ ಹಿಡಿದು ಹಿಂದಕ್ಕೆ ಎಳೆದಳು: "ಕಟ್ಟೆಗೆ ಉಗುರು ತಾಗಿಸ್ತೀಯೇನೋ?"

ಎರಡು ವರ್ಷದ ಮೇಲೆ ಮಾವ ಮಗಳನ್ನು ಹೊಸದುರ್ಗಕ್ಕೆ ಕೊಟ್ಟ. ಅಲ್ಲಿಗೆ ಮಾತು ನಿಂತಿತು. ಎಂಟು ವರ್ಷ ತುಂಬಿದಾಗ ಗಿಡಗಳ ಮದುವೆಯನ್ನು ಯಾರೂ ನೆನಪಿಸಲಿಲ್ಲ, ಅತ್ತಿಗೆಯಂತೂ ತುಟಿ ಪಿಟಕ್ಕೆನ್ನಲಿಲ್ಲ. ಅವರಿಗೆ ಮಕ್ಕಳಾಗಲಿಲ್ಲ. ಅಮ್ಮ ಹೋದಳು, ಎಷ್ಟೋ ವರ್ಷಗಳ ಮೇಲೆ ಅಣ್ಣ ಹೋದ. ಮಾಳಿಗೆ ಹೋಗಿ ಸಿಮೆಂಟಿನ ತಾರಸಿ ಬಂತು. ನಾನು ಮದುವೆಯಾಗಿ ಚಿತ್ರದುರ್ಗದಲ್ಲಿ ಮನೆ ಮಾಡಿದೆ. ನನ್ನ ಕಿರಿಮಗಳು ಹೊಳಲ್ಕೆರೆಯ ಶಾಲೆಯಲ್ಲಿ ಪಾಠ ಹೇಳುತ್ತಾಳೆ. ಅವಳು ಚಿಕ್ಕಂದಿನಿಂದ ಅರ್ಧ ಅತ್ತಿಗೆಯ ಮಗಳೇ, ಈಗ ಅವರ ಜೊತೆಗೇ ಇದ್ದಾಳೆ. ಮರಿಗೆಯೂ ಅಲ್ಲೇ ಇದೆ.

ಬೇವಿನ ಹೂವು ನನ್ನನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಮಾರನೆಯ ದಿನ, ವರ್ಷತೊಡಕಿನ ಮಧ್ಯಾಹ್ನ, ಬಸ್ಸು ಹತ್ತಿ ಹೊಳಲ್ಕೆರೆಗೆ ಹೋದೆ. ಅತ್ತಿಗೆ ತಾರಸಿಯ ಮೇಲೆ ಮರಿಗೆಯ ಪಕ್ಕ ಮೋಟು ಕುರ್ಚಿ ಹಾಕಿಕೊಂಡು ಕೂತಿದ್ದರು.

"ಈ ಸಲ ತಡ ಮಾಡ್ದೆ," ಎಂದರು. "ಚಿಗುರು ಬಂದೇಬಿಡ್ತು. ಬೇರು ಕುಯ್ಯಲ್ವಾ?"

"ಕುಯ್ತೀನಿ. ಮೊದ್ಲು ಒಂದು ಮಾತು ಕೇಳ್ತೀನಿ ಅತ್ಗೆಮ್ಮ. ಈ ಬೇವು ಹಾಕಿದ್ದು ಯಾರು?"

"ನೀನೇ ಅಲ್ವೇನಪ್ಪ? ಯುಗಾದಿ ದಿನ ಹಾಕ್ದೆ ಅಂತ ಊರಿಗೆಲ್ಲ ಹೇಳ್ಕಂಡು ಬಂದೀಯ."

"ಯುಗಾದೀಲಿ ಬೇವಿನ ಬೀಜ ಎಲ್ಲಿರ್ತೈತೆ?"

ಅವರು ಸೆರಗನ್ನು ಬಾಯಿಗೆ ಇಟ್ಟುಕೊಂಡು ನಕ್ಕರು. "ಅಯ್ಯೋ, ಇಷ್ಟು ವರ್ಷ ಬೇಕಾಯ್ತಾ ನಿನಗೆ? ಕಾಲೇಜಾಗೆ ಇದನ್ನೇ ಅಲ್ವಾ ಹೇಳ್ಕೊಡ್ತಿದ್ದಿದ್ದು?"

ನಾನು ನಗಲಿಲ್ಲ. ಅವರೂ ನಿಲ್ಲಿಸಿದರು.

"ನೀನು ದುರ್ಗಕ್ಕೆ ಹೋಗಿದ್ದೆ, ಕೆಲ್ಸ ಕೇಳ್ಕಂಡು. ಅವತ್ತು ಅತ್ತೆಮ್ಮ ನನ್ನ ಟ್ರಂಕು ಎತ್ತಿಸಿ ಪಡಸಾಲೇಲಿ ಇಟ್ಟಿದ್ರು. ನಾನು ನೀರು ಹಾಕಕ್ಕೆ ಮ್ಯಾಲೆ ಬಂದೆ. ಪಕ್ಕದ ಮನೆ ಬೇವಿನ ಕೊಂಬೆ ಮಾಳಿಗೆ ಮ್ಯಾಲೆ ಬಗ್ಗಿತ್ತಲ್ಲ, ಹಣ್ಣು ಉದುರಿದ್ವು. ಒಂದು ಚೀಪಿ ಬೀಜ ಒತ್ತಿದೆ. ಹುಟ್ಟಿದ್ರೆ ಇರಾಣ, ಹುಟ್ಟದಿದ್ರೆ ಹೋಗಾಣ ಅಂದ್ಕಂಡೆ."

"ನನಗೆ ಹೇಳಬಹುದಿತ್ತು."

"ಹೇಳಿದ್ರೆ ಕಿತ್ತು ಬೇರೆ ಕುಂಡಕ್ಕೆ ಹಾಕ್ತಿದ್ದೆ. ನಿನಗೆ ಅದು ಬರೀ ಗಿಡ."

ನಿಜವೇ. ಹಾಗೇ ಮಾಡುತ್ತಿದ್ದೆ. ಆದರೂ ಹೇಳಿಯೇಬಿಟ್ಟೆ. "ಆ ಬೀಜದಿಂದ ನಾನು ಇಲ್ಲೇ ಉಳಿದೆ ಅತ್ಗೆಮ್ಮ. ಕರೆ ಬಂದಿದ್ರೂ ಹೋಗಲಿಲ್ಲ."

ಅತ್ತಿಗೆ ಕುರ್ಚಿಯಲ್ಲಿ ನನ್ನ ಕಡೆ ತಿರುಗಿದರು. "ನಾನು ಹೋಗು ಅಂದಿದ್ದೆ. ನೆಪ್ಪಿಲ್ವಾ? ರೊಟ್ಟಿ, ಶೇಂಗಾ ಚಟ್ನಿ ಬುತ್ತಿ ಕಟ್ಟಿಕೊಟ್ಟಿದ್ದೆ. ನೀನು ಬಸ್ ಸ್ಟ್ಯಾಂಡ್ ತನಕ ಹೋಗಿ ವಾಪಸ್ ಬಂದೆ. ಗಿಡಕ್ಕೆ ನೆರಳು ಮಾಡಿಲ್ಲ ಅಂತ ಬಂದೆ ಅಂದೆ. ಮ್ಯಾಲೆ ಹತ್ತಿ ನೋಡಿದ್ರೆ ನಿಮ್ಮಣ್ಣ ಆಗ್ಲೇ ಕಂಬಳಿ ಕಟ್ಟಿದ್ರು. ನೀನು ಅದರ ಕೆಳಗೆ ಕುಂತು ಆ ಬುತ್ತಿ ಬಿಚ್ಚಿ ತಿಂದೆ."

ನನಗೆ ಬುತ್ತಿಯ ನೆನಪಿಲ್ಲ. ಬಸ್ ಸ್ಟ್ಯಾಂಡಿನ ನೆನಪೂ ಇಲ್ಲ. ಕಂಬಳಿ ಕಟ್ಟಿದ್ದು ಆಮೇಲೆ ಎಂದು ನಾನು ಇಷ್ಟು ಕಾಲ ಖಚಿತವಾಗಿ ತಿಳಿದಿದ್ದೆ. ಯುಗಾದಿಯ ಚಂದ್ರನ ಕೆಳಗೆ ನನ್ನ ಕೈಯಲ್ಲಿ ಬೇವಿನ ಬೀಜ ಇತ್ತೆಂಬುದೂ ಅಷ್ಟೇ ಖಚಿತವಾಗಿತ್ತು. ಅವರ ನೆನಪೇ ತಪ್ಪಿರಬಹುದಲ್ಲ ಎಂದೂ ಯೋಚಿಸಿದೆ. ಎರಡು ಮರಗಳನ್ನೂ ಅಡ್ಡ ಕೊಯ್ದು ಉಂಗುರ ನೋಡಿದರೆ ಯಾವುದು ಮೊದಲು ಬಂತೆಂದು ತಿಳಿದೀತೇ? ನಮ್ಮ ಸೀಮೆಯ ಮರಗಳು ವರ್ಷಕ್ಕೊಂದರಂತೆ ಉಂಗುರ ಬರೆದಿಡುವುದಿಲ್ಲ, ಅವುಗಳನ್ನೂ ನಂಬುವಂತಿಲ್ಲ. ತಿಳಿದರೂ ಬುತ್ತಿಯ ವಿಷಯ ಮರ ಹೇಳುವುದಿಲ್ಲ.

ನಾನು ಊರು ಬಿಡದಂತೆ ಬಾಗಿಲು ಹಾಕಿದ್ದವರು ಯಾರೆಂದು ಇಷ್ಟು ವರ್ಷ ಒಬ್ಬೊಬ್ಬರ ಮೇಲೂ ಹೇರಿ ನೋಡಿದ್ದೆ. ಬಾಗಿಲನ್ನು ಯಾರೂ ಹಾಕಿರಲೇ ಇಲ್ಲವೇನೋ ಎಂಬ ಯೋಚನೆ ಆ ತಾರಸಿಯ ಮೇಲೆ ಮೊದಲ ಸಲ ಬಂತು. ಅದರಿಂದ ಹಗುರವೇನೂ ಆಗಲಿಲ್ಲ.

"ಕತ್ತರಿ ತಂದೀಯಾ?" ಎಂದರು ಅತ್ತಿಗೆ.

ಚೀಲದಿಂದ ತೆಗೆದೆ. ಮರಿಗೆಯ ಅಂಚಿನಲ್ಲಿ ಚಾಕು ಆಡಿಸಿ, ಇಬ್ಬರೂ ಸೇರಿ ಮರಗಳನ್ನು ಮೇಲೆತ್ತಿದೆವು. ಅರಳಿಯ ಬೇರು, ಬೇವಿನ ಬೇರು ಬೇರೆ ಮಾಡಲಾಗದಂತೆ ಹೆಣೆದುಕೊಂಡು ಮರಿಗೆಯ ಆಕಾರವನ್ನೇ ಪಡೆದಿದ್ದವು. ಅತ್ತಿಗೆ ಬುಡವನ್ನು ಹಿಡಿದುಕೊಂಡರು.

"ಕಣ್ಣು ಮುಚ್ಕಳ್ರಿ," ಎಂದೆ.

"ಯಾಕೆ? ಈಗ ನನ್ನನ್ನ ಹಿರಿಯೂರಿಗೆ ಕಳಿಸೋರು ಯಾರವ್ರೆ?" ಕಣ್ಣು ತೆರೆದೇ ಕೂತರು. ಕತ್ತರಿ ಇಟ್ಟ ಕಡೆಯೆಲ್ಲ ಬಗ್ಗಿ ನೋಡಿ ಮಧ್ಯೆ ಮಧ್ಯೆ ತಡೆಯುತ್ತಿದ್ದರು. "ಅದು ಬೇಡ, ಅದು ಬೇವಿಂದು. ಈ ಕಡೇದು ಕುಯ್ಯಿ."

"ಇದಕ್ಕೆ ಮದುವೆ ಮಾಡಿಬಿಡಾಣ್ವಾ ಅತ್ಗೆಮ್ಮ? ಹರಕೆ ತೀರಿಸಿದಂಗೆ ಆಗುತ್ತೆ."

"ಸುಮ್ನಿರು. ತೀರಿಸಿದ್ರೆ ನಾಳೆ ಬೆಳಿಗ್ಗೆ ನಾನು ಮ್ಯಾಲೆ ಹತ್ತಿ ಏನು ಮಾಡ್ಲಿ?"

ಹೊಸ ಮಣ್ಣು ಒತ್ತಿ ನೀರು ಹಾಕುವಷ್ಟರಲ್ಲಿ ಸಂಜೆಯಾಯಿತು. ಪಕ್ಕದ ತಾರಸಿಯಿಂದ ಯಾರೋ "ಕಂಡ, ಕಂಡ!" ಎಂದು ಕೂಗಿದರು. ಮಗಳು ಓಡಿ ಮೇಲೆ ಬಂದಳು. ಪಡುವಣದ ತಂತಿಗಳ ನಡುವೆ ಚಂದ್ರ ಕಂಡ, ಕೂದಲೆಳೆಯಂತೆಯೇ. ನನ್ನ ಎರಡೂ ಕೈಗೆ ಮಣ್ಣು ಮೆತ್ತಿತ್ತು. ಆ ಯುಗಾದಿಯ ಸಂಜೆ ಎಂದು ನಾನು ಇಟ್ಟುಕೊಂಡಿದ್ದ ಚಿತ್ರಕ್ಕೆ ಇಂದಿನದೂ ಹೋಗಿ ಸೇರಿಕೊಳ್ಳುತ್ತದೆ, ಮುಂದೆ ಬಿಡಿಸಲು ಬರುವುದಿಲ್ಲ ಎನಿಸಿತು.

ಚಂದ್ರನನ್ನು ನೋಡಿದ ಮೇಲೆ ಹಿರಿಯರ ಕಾಲಿಗೆ ಬೀಳುವುದು ವಾಡಿಕೆ. ಆ ಮನೆಯಲ್ಲಿ ನನಗಿಂತ ಹಿರಿಯರು ಈಗ ಅವರೊಬ್ಬರೇ. ಬಗ್ಗಿದೆ.

ಅತ್ತಿಗೆ ಕಾಲು ಹಿಂದಕ್ಕೆ ಎಳೆದುಕೊಂಡರು. "ಮೊದ್ಲು ಕೈ ತೊಳ್ಕಂಡು ಬಾರಪ್ಪ."